ಗುಜರಿಗೆ ಹೊರಟಿದ್ದ ಡಂಪರನ್ನು ವೃತ್ತದಲ್ಲಿ ನಿಲ್ಲಿಸಿದ ಬಗೆ

ಸಂಡೂರು ಸೀಮೆಯ ನಮ್ಮ ಗಣಿ ಕಾಲೋನಿಯ ವೃತ್ತದಲ್ಲಿರುವ 50 ಟನ್ ಹೊರುವ ಡಂಪರು ಆರನೆಯ ಮಳೆಗಾಲವನ್ನು ಕಳೆದಿದೆ. ಈಗಲೂ ಅದರ ಬಾಡಿಯ (ಅದಿರು ತುಂಬುವ ತೊಟ್ಟಿಯ) ಅಡಿಗೆ ಕೈಯಾಡಿಸಿದರೆ ಬೆರಳಿಗೆ ತುಕ್ಕಿನ ಪುಡಿ ಹತ್ತುವುದಿಲ್ಲ. ಎರಡು ವರ್ಷವೂ ಬಾಳುವುದಿಲ್ಲ ಎಂದು ವರ್ಕ್‌ಶಾಪಿನ ಹಿರಿಯರೇ ಹೇಳಿದ್ದರಿಂದ, ಮಾಡಿದ್ದನ್ನು ನಮ್ಮ ಕಸುಬಿನವರಿಗಾಗಿ ಬರೆದಿಡುತ್ತಿದ್ದೇನೆ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಯಾರ್ಡು ಸೇರಿದ ಈ ಗಾಡಿ ಮತ್ತೆ ಹೊರಡಲೇ ಇಲ್ಲ. ಖಾಲಿ ತೂಕ 40 ಟನ್ನಿನ ಆಸುಪಾಸು. ಗುಜರಿಯವನು 9 ಲಕ್ಷ ಕೊಡಲು ಸಿದ್ಧನಿದ್ದ. ಆಗ ನಾನು ಆಡಳಿತದವರಿಗೆ ಕೆನಡಾದ ಸ್ಪಾರ್‌ವುಡ್ ಊರಿನಲ್ಲಿರುವ ಟೆರೆಕ್ಸ್ ಟೈಟನ್‌ನ ಚಿತ್ರ ತೋರಿಸಿದೆ. 1970ರ ದಶಕದಲ್ಲಿ ಒಂದೇ ಒಂದು ತಯಾರಾದ, ಸುಮಾರು 318 ಟನ್ ಹೊರುತ್ತಿದ್ದ ಆ ಡಂಪರು ಇಂದು ಎಂಜಿನ್ ಇಲ್ಲದೆಯೇ ಊರಿನ ಗುರುತಾಗಿ ನಿಂತಿದೆ. ನಾವೂ ಎಂಜಿನ್ ಮತ್ತು ಟ್ರಾನ್ಸ್‌ಮಿಷನ್ ಇಳಿಸಿ ಬಿಡಿಭಾಗಗಳಿಗೆಂದು ಮಾರಿದೆವು. ಬಂದ 4 ಲಕ್ಷ ಚಿಲ್ಲರೆಯೇ ನಮ್ಮ ಬಂಡವಾಳ.

ಮೊದಲ ವರ್ಷ ಹೊರಗಿನ ಗುತ್ತಿಗೆದಾರರೊಬ್ಬರಿಗೆ ಬಣ್ಣದ ಕೆಲಸ ಕೊಟ್ಟು ಸುಮಾರು 1 ಲಕ್ಷ 20 ಸಾವಿರ ಕಳೆದುಕೊಂಡೆವು. ಅದಿರಿನ ಧೂಳು ಬೆಸುಗೆಯ ಸಂದುಗಳಲ್ಲಿ ಗಟ್ಟಿಯಾಗಿ ಕೂತಿದ್ದರೂ ತೊಳೆಯದೆ ಅದರ ಮೇಲೆಯೇ ರೆಡ್ ಆಕ್ಸೈಡ್ ಬಳಿದಿದ್ದರು. ಆ ಧೂಳು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಮುಂಗಾರಿಗೇ ಬಣ್ಣ ಹಪ್ಪಳದಂತೆ ಎದ್ದಿತು. ಎರಡನೆಯ ಸಲ ನಾನೇ ನಿಂತು, ನಾಲ್ಕು ದಿನ ಒತ್ತಡದ ನೀರಿನಿಂದ ತೊಳೆಸಿ, ಸಂದು ಸಂದನ್ನೂ ಉಳಿಯಿಂದ ಕೆರೆಸಿ, ಬ್ಲಾಸ್ಟಿಂಗ್ (ರಭಸದಿಂದ ಹರಳು ಸಿಡಿಸಿ ತುಕ್ಕು ಕೀಳುವ ಕೆಲಸ) ಆದ ದಿನ ಸಂಜೆಯೊಳಗೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಸಿದೆ. ಒಂದು ರಾತ್ರಿ ಬಿಟ್ಟಿದ್ದರೂ ಬರಿ ಉಕ್ಕಿಗೆ ಮತ್ತೆ ತುಕ್ಕು ಹಿಡಿದು ಕೆಲಸ ಕೆಡುತ್ತಿತ್ತು.

ಆದರೆ ಇಂಥ ಗಾಡಿಯನ್ನು ಕೊಲ್ಲುವುದು ಬಣ್ಣದ ದೋಷಕ್ಕಿಂತ ಹೆಚ್ಚಾಗಿ ನಿಂತ ನೀರು ಮತ್ತು ಭಾರ. ಡಂಪರಿನ ಬಾಡಿಯ ತಳ ಕ್ಯಾಬಿನ್ ಕಡೆಗೆ ಇಳಿಜಾರಾಗಿರುವುದರಿಂದ ಮಳೆನೀರೆಲ್ಲ ಮುಂದಿನ ಮೂಲೆಗಳಲ್ಲಿ ನಿಲ್ಲುತ್ತದೆ. ಅಲ್ಲಿ ಕೊರೆದ ತೂತುಗಳನ್ನು ಎಲೆ, ಮಣ್ಣು ಒಂದೇ ತಿಂಗಳಲ್ಲಿ ಮುಚ್ಚಿದವು. ಆದ್ದರಿಂದ ನೀರು ಹಿಂದಕ್ಕೆ ಹರಿಯುವಷ್ಟು ಬಾಡಿಯನ್ನೇ ಎತ್ತಿ, ಬಾಡಿ ಎತ್ತುವ ಹಾಯ್ಸ್ಟ್ ಸಿಲಿಂಡರನ್ನು ನಂಬದೆ, ಚಾಸಿಗೆ ಎರಡು ದಪ್ಪ ಪೈಪುಗಳನ್ನು ಆಧಾರವಾಗಿ ಬೆಸೆದೆ. ಗಾಳಿಗೆ ಕುಸಿಯುತ್ತದೆ ಎಂದವರು ಹಲವರಿದ್ದರು. ಅದು ಇಂದಿಗೂ ಒಂದಿಂಚು ಕದಲಿಲ್ಲ. ಆ ಪೈಪುಗಳನ್ನು ಕೆಳಗೆ ನಿಂತವರ ಕಣ್ಣಿಗೆ ಬೀಳದಂತೆ ಕೂರಿಸಿದ ಬಗೆಯನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಭಾರದ ಪಾಠ ಇನ್ನೂ ದುಬಾರಿಯಾಯಿತು. ಸ್ಪ್ರಿಂಗಿನಂತೆ ಭಾರ ಹೊರುವ ಸಸ್ಪೆನ್ಷನ್ ಸಿಲಿಂಡರಿನ ನೈಟ್ರೋಜನ್ ಗ್ಯಾಸ್ ಸೋರಿ ಗಾಡಿ ಎಡಕ್ಕೆ ವಾಲಿತು. ಆಳೆತ್ತರದ ಟೈರುಗಳು ತಳದಲ್ಲಿ ಸೀಳಿದವು. “ಅಣ್ಣಾ, ಟೈರಿಗೆ ಮರಳು ತುಂಬಿಸೋಣ್ರಿ” ಎಂದು ನಮ್ಮ ವೆಲ್ಡರ್ ಹೇಳಿದ ಮಾತಿಗೆ ಒಪ್ಪಿ ಒಂದಕ್ಕೆ ತುಂಬಿಸಿ ನೋಡಿದೆ. ಸೀಳಿನಿಂದ ನೀರು ಒಳಗಿಳಿದು ಮರಳು ಒದ್ದೆಯಾಗಿ, ರಿಮ್ಮನ್ನು ಒಳಗಿನಿಂದಲೇ ತುಕ್ಕು ತಿಂದಿತು. ಕೊನೆಗೆ ಒಂದು ದಿನಕ್ಕೆ 60 ಸಾವಿರದಂತೆ ಕ್ರೇನ್ ತರಿಸಿ, ಉಳಿದ ಗ್ಯಾಸನ್ನು ಪೂರ್ತಿ ಬಿಟ್ಟ ಮೇಲೆ ಗಾಡಿಯನ್ನು ಎತ್ತಿ, ಆಕ್ಸಲ್ಲುಗಳ ಕೆಳಗೆ ಕಾಂಕ್ರೀಟಿನ ಮೇಲೆ ಉಕ್ಕಿನ ಸ್ಟ್ಯಾಂಡ್ ಇಟ್ಟೆ. ಸಸ್ಪೆನ್ಷನ್ ಮತ್ತೆ ಕುಸಿಯದಂತೆ ಅದರ ರಾಡುಗಳ ಸುತ್ತ ಅರ್ಧಕ್ಕೆ ಸೀಳಿದ ಪೈಪಿನ ತುಂಡುಗಳನ್ನು ಕೂರಿಸಿ ಬೆಸೆದೆ. ಈಗ ಟೈರು ನೆಲವನ್ನು ಸುಮ್ಮನೆ ಮುಟ್ಟಿದೆ, ಅಷ್ಟೇ. ಒಂದು ಕಾಗದ ತೂರಿಸಿದರೆ ಆಚೆಗೆ ಬರುತ್ತದೆ.

ನಡುವೆ ಕೀಲುಗಳ ಪಿನ್ನುಗಳಿಗೆ ಗ್ರೀಸಿನ ಜೊತೆ ಹರಳೆಣ್ಣೆ ಬೆರೆಸಿ ನೋಡಿದ್ದೆ. ಧೂಳು ಕುಡಿದು ಅಂಟಾಯಿತು, ಕೈಬಿಟ್ಟೆ. ಈಗ ಬಳಸುವ ಮಿಶ್ರಣದಲ್ಲಿ ಮೇಣವಿದೆ ಎಂದಷ್ಟೇ ಹೇಳುತ್ತೇನೆ, ಅಳತೆ ನನ್ನಲ್ಲೇ ಇರಲಿ.

ಎರಡೂ ಸಲದ ಬಣ್ಣ, ಕ್ರೇನ್, ಕಾಂಕ್ರೀಟು ಎಲ್ಲ ಸೇರಿ ಸುಮಾರು 5 ಲಕ್ಷವಾಯಿತು. ಕಡಿಮೆ ಬಿದ್ದ ಹಣವನ್ನು ಆಡಳಿತದವರು ಕೊಟ್ಟರು. ಈಗ ವರ್ಷಕ್ಕೆ 8 ಸಾವಿರ ಸಾಕು: ಮುಂಗಾರಿಗೆ ಮುಂಚೆ ಒಂದು ತೊಳೆತ, ದೀಪಾವಳಿಯ ಹೊತ್ತಿಗೆ ಪಿನ್ನುಗಳಿಗೆ ಮೇಣ. ಯಾರ್ಡಿನಲ್ಲಿ ಅದಿರು ತೋಡುವ ಹಳೆಯ ಯಂತ್ರ, ಷವಲ್ ಒಂದು ಬಿದ್ದಿದೆ. ಮಾರ್ಚಿನಲ್ಲಿ ಅದರ ಬಕೆಟ್ಟನ್ನು ತೊಳೆಯಲು ಶುರು ಮಾಡುತ್ತೇನೆ.