ಬೆಂಕಿ ಆರಿದ ಮೇಲೆ ಶುರುವಾಗುವ ಕೆಲಸ

ನಾನು ನೋಡಿಕೊಳ್ಳುವ ಕಟ್ಟಡದಲ್ಲಿ ಬೆಂಕಿ ಬಿದ್ದದ್ದು ಮೇಲಿನ ಮಹಡಿಯ ಒಂದೇ ಕೋಣೆಗೆ. ಹಾಳಾದದ್ದು ಮಾತ್ರ ಇಡೀ ಕಟ್ಟಡ. ಹೊಗೆ ಮೆಟ್ಟಿಲ ಕಡೆಯಿಂದ ಎಲ್ಲ ಕಡೆ ಹರಡಿತ್ತು. ಬೆಂಕಿ ಆರಿಸಲು ಹೊಡೆದ ನೀರು ಕೆಳಮನೆಯವರೆಗೂ ಇಳಿದಿತ್ತು.

ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬರುವವರೆಗೆ ಏನನ್ನೂ ಮುಟ್ಟಬೇಡಿ ಅಂತ ಎಲ್ಲರೂ ಹೇಳಿದರು. ಆ ಮಾತು ಪೂರ್ತಿ ಸರಿಯಲ್ಲ. ನಷ್ಟ ಇನ್ನೂ ಹೆಚ್ಚದಂತೆ ನೋಡಿಕೊಳ್ಳುವುದು ಸಾಮಾನ್ಯವಾಗಿ ಪಾಲಿಸಿ ಮಾಡಿಸಿದವರ ಹೊಣೆ. ನೆನೆದ ಗೋಡೆ, ಕಾರ್ಪೆಟ್‌ಗಳಲ್ಲಿ 24ರಿಂದ 48 ಗಂಟೆಯಲ್ಲೇ ಬೂಷ್ಟು ಹಿಡಿಯಲು ಶುರುವಾಗಬಹುದು. ಕಾಯುತ್ತಾ ಕೂತರೆ ಆಗುತ್ತಾ? ಅಗ್ನಿಶಾಮಕ ದಳದವರು ಒಳಗೆ ಹೋಗಬಹುದು ಅಂದ ಕೂಡಲೇ ಪ್ರತಿ ಕೋಣೆಯ ವಿಡಿಯೊ ಮಾಡಿದೆ. ಸೀಲಿಂಗ್, ಕಪಾಟಿನ ಒಳಭಾಗ, ಯಂತ್ರಗಳ ಸೀರಿಯಲ್ ನಂಬರ್, ಒಂದನ್ನೂ ಬಿಡಲಿಲ್ಲ. ಆಮೇಲೆ ವಿಮಾ ಕಂಪನಿಗೆ ಇಮೇಲ್ ಹಾಕಿ, ನೀರು ತೆಗೆಸಿ, ಒಡೆದ ಕಿಟಕಿಗಳಿಗೆ ಟಾರ್ಪಾಲು ಕಟ್ಟಿಸಿದೆ. ಬಿಲ್ಲುಗಳನ್ನು ಜೋಪಾನ ಮಾಡಿದೆ. ಆದರೆ ಸುಟ್ಟು ಕರಕಲಾದ ಕುರ್ಚಿಯನ್ನೂ ಎಸೆಯಲು ಬಿಡಲಿಲ್ಲ. ಎಲ್ಲವನ್ನೂ ಒಂದು ಕಡೆ ಇಡಿಸಿ ಪಟ್ಟಿ ಬರೆಸಿದೆ.

ಮಸಿಯ ವಿಷಯದಲ್ಲಿ ಜನರನ್ನು ತಡೆಯುವುದೇ ದೊಡ್ಡ ಕೆಲಸ. ಮನಸ್ಸು ತಡೆಯದೆ ಒದ್ದೆ ಬಟ್ಟೆ ಹಿಡಿದು ಬರುತ್ತಾರೆ. ಒದ್ದೆ ತಾಗಿದರೆ ಮಸಿ ಗೋಡೆಯೊಳಗೆ ಇಳಿಯುತ್ತದೆ. ಮೊದಲು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್, ಆಮೇಲೆ ಮಸಿಗೆಂದೇ ಸಿಗುವ ಒಣ ಸ್ಪಂಜು. ಎಸಿಯನ್ನಂತೂ ಹಾಕಲೇಬಾರದು, ಮಸಿ ಎಲ್ಲ ಕೋಣೆಗೂ ಹೋಗುತ್ತದೆ. ಪಿವಿಸಿ ವೈರ್ ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ತೇವದ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಅದಕ್ಕೇ ಬೆಂಕಿ ತಾಗದ ಕಂಪ್ಯೂಟರು, ಸ್ವಿಚ್ ಬೋರ್ಡುಗಳನ್ನೂ ಪಟ್ಟಿಗೆ ಸೇರಿಸಿದೆ.

ಸರ್ವೇಯರ್ ಮೊದಲು ಬರೆದದ್ದು ಪ್ಲಾಸ್ಟರ್ ಮತ್ತು ಬಣ್ಣದ ಖರ್ಚು ಮಾತ್ರ. ಸ್ಲ್ಯಾಬಿನ ಒಂದು ಭಾಗ ನಸುಗೆಂಪಾಗಿತ್ತು. ಕಾಂಕ್ರೀಟ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹಾಗಾಗುವುದುಂಟು. ಬಲ ಕುಗ್ಗಿದೆಯೇ ಎಂದು ನೋಡಲು ನಾನೇ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ, ಕೋರ್, ಅಂದರೆ ಕಾಂಕ್ರೀಟಿನ ತುಂಡು, ಕೊರೆದು ತೆಗೆಸಿ ಪರೀಕ್ಷೆ ಮಾಡಿಸಿದೆ. ವರದಿ ಕೈಗೆ ಬಂದ ಮೇಲೆ ಲೆಕ್ಕ ಮತ್ತೆ ಹಾಕಿದರು. ವಾದ ಮಾಡಿದ್ದರೆ ಸುಮ್ನೆ ಗಂಟಲು ಒಣಗುತ್ತಿತ್ತು ಅಷ್ಟೇ.

ದುಡ್ಡಿನಲ್ಲಿ ಹೆಚ್ಚು ಜನ ಏಟು ತಿನ್ನುವುದು ವಿಮೆಯ ಮೊತ್ತ ಕಡಿಮೆ ಇದ್ದಾಗ. ಕಟ್ಟಡವನ್ನು ಮತ್ತೆ ಕಟ್ಟಲು 100 ಬೇಕಿದ್ದು 60ಕ್ಕೆ ಮಾತ್ರ ವಿಮೆ ಇದ್ದರೆ, ವಿಮೆ ಎಷ್ಟು ಕಡಿಮೆಯೋ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುವ ಆವರೇಜ್ ಷರತ್ತಿನ ಪ್ರಕಾರ 10ರ ನಷ್ಟಕ್ಕೆ 6 ಮಾತ್ರ ಸಿಗುತ್ತದೆ. ನಮ್ಮ ಮೊತ್ತವನ್ನು ಪ್ರತಿ ನವೀಕರಣದಲ್ಲೂ ಏರಿಸಿದ್ದರಿಂದ ಆ ಕತ್ತರಿ ಬೀಳಲಿಲ್ಲ.

ಮೊದಲ ಕಂತಿನ ಜೊತೆ 'ಪೂರ್ತಿ ಮತ್ತು ಅಂತಿಮ', ಅಂದರೆ ಇನ್ನೇನೂ ಕೇಳುವುದಿಲ್ಲ ಎಂದು ಒಪ್ಪುವ ಕಾಗದವೂ ಬಂತು. ಸಹಿ ಹಾಕಲಿಲ್ಲ. ಭಾಗಶಃ ಪಾವತಿ ಎಂದು ಬರೆಸಿಕೊಂಡೆ. ಬಣ್ಣವೆಲ್ಲ ಮುಗಿದ ಮೇಲೆ ಹೊಗೆವಾಸನೆ ಮತ್ತೆ ಬಂತು ನೋಡಿ, ಫಾಲ್ಸ್ ಸೀಲಿಂಗಿನ ಮೇಲಿದ್ದ ಇನ್ಸುಲೇಷನ್‌ನಿಂದ. ಅದನ್ನು ಕಿತ್ತು ಹೊಸದು ಹಾಕಿಸಿದ ಖರ್ಚನ್ನೂ ಅದೇ ಕ್ಲೇಮಿಗೆ ಸೇರಿಸಿದೆವು.