ಕಿಟಕಿಯ ಕೆಳಗೆ ನಿಂತು ಹಾಡಿದ್ದು

ಇಷ್ಟಪಟ್ಟವರ ಕಿಟಕಿಯ ಕೆಳಗೆ ಸಂಜೆಯಲ್ಲೋ ರಾತ್ರಿಯಲ್ಲೋ ನಿಂತು ಅವರಿಗಾಗಿ ಹಾಡುವುದಕ್ಕೆ ಸೆರೆನೇಡ್ ಮಾಡುವುದು ಅನ್ನುತ್ತಾರೆ. ಯುರೋಪಿನ ಹಳೆಯ ರೂಢಿ ಇದು. ನನ್ನ ಹೆಂಡತಿಗೆ ಹೀಗೊಂದು ಹಾಡು ಹಾಡಬೇಕು ಅಂತ ಹೊರಟಾಗ ನಾಚಿಕೆಗಿಂತ ಜಾಸ್ತಿ ತಲೆ ತಿಂದದ್ದು ದನಿ.

ಕೋಣೆಯಲ್ಲಿ ಗೋಡೆಗಳು ನಮ್ಮ ದನಿಯನ್ನು ನಮಗೇ ವಾಪಸ್ ಕೊಡುತ್ತವೆ. ಬಯಲಲ್ಲಿ ಅದು ಸುಮ್ನೆ ಹೊರಟುಹೋಗುತ್ತದೆ. ಅಡ್ಡಿಯಿಲ್ಲದ ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೇಳಿಸುತ್ತಿಲ್ಲವೇನೋ ಅನ್ನಿಸಿ ಕಿರುಚಲು ಶುರು ಮಾಡಿದರೆ ಪ್ರೇಮಗೀತೆ ಹೋಗಿ ಘೋಷಣೆ ಆಗುತ್ತದೆ, ಅಲ್ವಾ? ಅದಕ್ಕೇ ಅಭ್ಯಾಸವನ್ನು ತಾರಸಿಯ ಮೇಲೆ ಮಾಡಿದೆ. ತಾರಕಕ್ಕೆ ಏರುವ ಹಾಡು ಬಿಟ್ಟೆ. ತೀರಾ ಮಂದ್ರದ್ದೂ ಬೇಡ, ಹೊರಗೆ ಅದು ಕರಗಿಹೋಗುತ್ತದೆ. ಮಧ್ಯದ ಸ್ವರಗಳಲ್ಲೇ ಸುತ್ತುವ ಹಾಡು ಹಿಡಿದೆ. ನಿಲ್ಲುವಾಗ ಬೆನ್ನ ಹಿಂದೆ ಕಾಂಪೌಂಡ್ ಗೋಡೆ ಇರುವ ಜಾಗ ನೋಡಿಕೊಂಡೆ.

ಗಿಟಾರ್ ವಿಷಯದಲ್ಲಿ ದಾರಿ ತೋರಿಸಿದ್ದು ಮೊಜಾರ್ಟ್. ಅವನ 1787ರ ‘ಡಾನ್ ಜೊವಾನ್ನಿ’ ಒಪೆರಾದಲ್ಲಿ ನಾಯಕ ಕಿಟಕಿಯ ಕೆಳಗೆ ಮ್ಯಾಂಡೊಲಿನ್ ಜೊತೆ ಹಾಡುತ್ತಾನೆ. (ಮಹಾ ಮೋಸಗಾರ ಅವನು, ಆ ಮಾತು ಬೇರೆ.) ಮೀಟಿದ ಸ್ವರ ಬೇಗ ಆರುತ್ತದೆ. ಆ ಸಂದಿನಲ್ಲಿ ಮೆಲುದನಿಯೂ ಕೇಳಿಸುತ್ತದೆ. ಎಲ್ಲ ತಂತಿ ಒಟ್ಟಿಗೆ ಬಾರಿಸುವುದನ್ನು ಬಿಟ್ಟು ನಾನೂ ಒಂದೊಂದಾಗಿ ಮೀಟತೊಡಗಿದೆ. ಆ ಹಾಡಿಗೆ ಇರುವುದು ಎರಡೇ ಚರಣ. ನನಗೂ ಅಷ್ಟೇ ಸಾಕೆನಿಸಿತು.

ಹಾಡು ಆರಿಸುವಾಗ ಮಾತ್ರ ಆ ಕ್ರಿಯಾಪದವೇ ನೆರವಾಯಿತು. ಇಂಗ್ಲಿಷಿನಲ್ಲಿ ಹಾಡನ್ನು ಸೆರೆನೇಡ್ ಮಾಡುವುದಿಲ್ಲ, ವ್ಯಕ್ತಿಯನ್ನು ಮಾಡುತ್ತಾರೆ. ಹಾಗಾಗಿ ನನ್ನ ಗಂಟಲಿನ ಕಸರತ್ತು ತೋರಿಸುವ ಹಾಡನ್ನು ಪಕ್ಕಕ್ಕಿಟ್ಟೆ. ಅವಳು ಕೆಲಸ ಮಾಡುತ್ತಾ ಗುನುಗುವ ಹಾಡನ್ನೇ ಕಲಿತೆ.

ಉಕ್ಕಿನ ತಂತಿಯಾದರೆ ಇನ್ನೊಂದು ಎಚ್ಚರ. ತಣ್ಣನೆಯ ಗಾಳಿಗೆ ತಂತಿ ಬಿಗಿದು ಶ್ರುತಿ ಏರುತ್ತದೆ. ಸ್ವಲ್ಪ ಮೊದಲೇ ಗಿಟಾರನ್ನು ಹೊರಗಿಟ್ಟು ಅಲ್ಲೇ ಶ್ರುತಿ ಮಾಡಿಕೊಳ್ಳಬೇಕು.

ಅಕ್ಕಪಕ್ಕದವರಿಗೆ ಮೊದಲೇ ಹೇಳಿಟ್ಟಿದ್ದೆ. ಹಾಡು ಮುಗಿಯುತ್ತಿದ್ದಂತೆ ಅವಳು ಕಿಟಕಿಯಿಂದ ಬಗ್ಗಿ, “ರೀ, ಇನ್ನೊಂದು ಹಾಡ್ರೀ” ಅಂದಳು. ಎದುರುಮನೆ ಅಜ್ಜಿಯೂ ದನಿಗೂಡಿಸಿದರು. ಪುಣ್ಯಕ್ಕೆ ಎರಡನೆಯದೊಂದು ಹಾಡನ್ನೂ ತಯಾರು ಮಾಡಿಕೊಂಡಿದ್ದೆ.