ಖಾಲಿ ತೋಟಾ ಸಿಕ್ಕಿಕೊಳ್ಳುತ್ತಿದ್ದ ನನ್ನ ಸೆಮಿ ಆಟೋ ಶಾಟ್‌ಗನ್

ಸೆಮಿ ಆಟೋ ಶಾಟ್‌ಗನ್ ಕೈಕೊಟ್ಟರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಬಿಡಿಭಾಗ ತರಿಸುವುದು. ಖಾಲಿ ತೋಟಾ ಎಳೆಯುವ ಕೊಕ್ಕೆ, ಅಂದ್ರೆ ಎಕ್ಸ್‌ಟ್ರ್ಯಾಕ್ಟರ್ ಬದಲಿಸಿ ನೋಡೋಣ, ಆಗಲಿಲ್ಲ ಅಂದ್ರೆ ಸ್ಪ್ರಿಂಗ್ ಬದಲಿಸೋಣ ಅಂತ. ಸುಮ್ನೆ ದುಡ್ಡು ದಂಡ. ಅದಕ್ಕೂ ಮೊದಲು ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚಿ ತೆರೆಯುವ, ಹಿಂದೆ ಮುಂದೆ ಸರಿಯುವ ಭಾಗ) ಎಲ್ಲಿ ನಿಂತಿದೆ, ಖಾಲಿ ತೋಟಾ ಎಲ್ಲಿದೆ ಅಂತ ನೋಡಿ. ನನ್ನ ಕೋವಿಯ ಕಾಯಿಲೆ ಗೊತ್ತಾಗಿದ್ದು ಅದರಿಂದಲೇ.

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ರಜೆ ಸಿಕ್ಕಾಗ ಸ್ಕೀಟ್, ಅಂದ್ರೆ ಗಾಳಿಯಲ್ಲಿ ಹಾರುವ ತಟ್ಟೆಗಳಿಗೆ ಗುಂಡು ಹೊಡೆಯುವ ಆಟ ಆಡುತ್ತೇನೆ. ಒಂದು ರೌಂಡಿಗೆ 25 ತಟ್ಟೆ, 1, 2, 6 ಮತ್ತು 7ನೇ ಸ್ಟೇಷನ್‌ಗಳಲ್ಲಿ (ನಿಂತು ಹೊಡೆಯುವ ಜಾಗ) ಎರಡೆರಡು ತಟ್ಟೆ ಒಟ್ಟಿಗೆ ಹಾರುತ್ತವೆ. ಊರು ಕೊಡಗು, ಹಾಗಾಗಿ ಕೋವಿ ಹೊಸದಲ್ಲ. ಆದರೆ ಕೈಲ್ ಮುಹೂರ್ತಕ್ಕೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುವ ಜೋಡಿ ನಳಿಗೆ ಕೋವಿಯಲ್ಲಿ ಕೆಡಲು ಏನಿದೆ ಹೇಳಿ? ಮುರಿದು ತೋಟಾ ಹಾಕು, ಹೊಡಿ, ಮುರಿದು ತೆಗಿ. ಸೆಮಿ ಆಟೋದಲ್ಲಿ ಇದೆಲ್ಲ ಕೋವಿಯೇ ಮಾಡಿಕೊಳ್ಳಬೇಕು.

ನಾನು ಕೊಂಡಿದ್ದು ಗ್ಯಾಸ್‌ನಿಂದ ಓಡುವ ಹಳೆಯ 12 ಗೇಜ್, ಸೆಕೆಂಡ್ ಹ್ಯಾಂಡ್. ಒಂಟಿ ತಟ್ಟೆಯಾದರೆ ಸಿಕ್ಕಿಕೊಂಡ ತೋಟಾವನ್ನು ಕೈಯಿಂದ ಕಿತ್ತೆಸೆದು ಮುಂದಿನ ಸ್ಟೇಷನ್‌ಗೆ ಹೋಗಬಹುದು. ಜೋಡಿ ತಟ್ಟೆಯಲ್ಲಿ ಅದಾಗಲ್ಲ. ಎರಡನೆಯದು ಕಣ್ಣೆದುರೇ ಹಾರಿಹೋಗುತ್ತಿತ್ತು, ನಾನು ಟ್ರಿಗರ್ ಒತ್ತುತ್ತಾ ನಿಂತಿರುತ್ತಿದ್ದೆ.

ಒಳಗೆ ನಡೆಯುವುದು ಇಷ್ಟು. ಗುಂಡು ಹಾರಿದಾಗ ನಳಿಗೆಯ ಸಣ್ಣ ತೂತುಗಳಿಂದ ಸ್ವಲ್ಪ ಗ್ಯಾಸ್ ಹೊರಬಂದು ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ಒಯ್ಯುತ್ತದೆ, ಬೋಲ್ಟಿನ ಕೊಕ್ಕೆ ಖಾಲಿ ತೋಟಾದ ಅಂಚು ಹಿಡಿದು ಎಳೆಯುತ್ತದೆ, ಎಜೆಕ್ಟರ್ ಅನ್ನುವ ತಡೆಗೆ ಬಡಿದು ಆ ಖಾಲಿ ತೋಟಾ ಪಕ್ಕದ ಕಿಂಡಿಯಿಂದ ಹೊರಗೆ ಹಾರುತ್ತದೆ. ಅಷ್ಟರಲ್ಲಿ ತೋಟಾ ತುಂಬಿಡುವ ಕೊಳವೆಯಾದ ಮ್ಯಾಗಜೀನ್‌ನಿಂದ ಮುಂದಿನ ತೋಟಾ, ಅದನ್ನು ಮೇಲೆತ್ತುವ ಲಿಫ್ಟರ್ ಮೇಲೆ ಬಂದು ಕೂರುತ್ತದೆ. ಹಿಂದೆ ಅದುಮಿಕೊಂಡ ಸ್ಪ್ರಿಂಗ್ ಬೋಲ್ಟನ್ನು ವಾಪಸ್ ತಳ್ಳಿದಾಗ ಹೊಸ ತೋಟಾ ಚೇಂಬರ್, ಅಂದ್ರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು ಸೇರುತ್ತದೆ.

ಹಾಗಾಗಿ ಖಾಲಿ ತೋಟಾ ಚೇಂಬರ್‌ನಲ್ಲೇ ಉಳಿದರೆ ಕೊಕ್ಕೆ ಅಥವಾ ಚೇಂಬರ್ ಕಡೆ ನೋಡಬೇಕು. ಹೊರಗೆ ಬಂದು ಕಿಂಡಿಯಲ್ಲಿ ಚಿಮಣಿ ಥರ ನೆಟ್ಟಗೆ ಸಿಕ್ಕಿಕೊಂಡರೆ ಹೆಚ್ಚಾಗಿ ಬೋಲ್ಟ್ ಪೂರ್ತಿ ಹಿಂದೆ ಹೋಗಿಲ್ಲ ಅಂತ ಅರ್ಥ. ಹಳೆಯದು ಹಾರಿಹೋಗಿ ಹೊಸದು ಬರದಿದ್ದರೆ ಮ್ಯಾಗಜೀನ್ ಕಡೆ ತಿರುಗಿ.

ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಹೇಳಿಕೊಟ್ಟ ಪರೀಕ್ಷೆ ಬಹಳ ಸುಲಭದ್ದು. ಮ್ಯಾಗಜೀನ್ ಖಾಲಿ ಬಿಟ್ಟು ಚೇಂಬರ್‌ಗೆ ಒಂದೇ ತೋಟಾ ಹಾಕಿ ಹೊಡೆಯಬೇಕು. ಬೋಲ್ಟ್ ಹಿಂದೆ ಹೋಗಿ ತೆರೆದೇ ನಿಲ್ಲಬೇಕು. ನನ್ನದು ಕೆಲವೊಮ್ಮೆ ನಿಲ್ಲುತ್ತಿತ್ತು, ಕೆಲವೊಮ್ಮೆ ಇಲ್ಲ. ತೋಟಾ ಹಗುರವಾಯಿತೇನೋ ಅಂತ 28 ಗ್ರಾಂ ಚರೆಯದು ಬಿಟ್ಟು 32 ಗ್ರಾಂನದು ಹಾಕಿದೆ. ಸುಧಾರಿಸಿತು, ಪೂರ್ತಿ ವಾಸಿಯಾಗಲಿಲ್ಲ. ಅಂದ್ರೆ ಒಳಗೆ ಎಲ್ಲೋ ಏನೋ ಬೋಲ್ಟನ್ನು ಹಿಡಿದೆಳೆಯುತ್ತಿದೆ ಅಂತಾಯ್ತು, ಅಲ್ವಾ?

ನೆಲಕ್ಕೆ ಬಿದ್ದ ಖಾಲಿ ತೋಟಾಗಳನ್ನು ಎತ್ತಿ ಬೆಳಕಿಗೆ ಹಿಡಿದೆ. ಕೆಲವದರ ಲೋಹದ ಅಂಚಿನಲ್ಲಿ ಕೊಕ್ಕೆ ಕೆರೆದ ಗುರುತು ಹೊಳೆಯುತ್ತಿತ್ತು. ಒಂದೆರಡರಲ್ಲಿ ಅಂಚೇ ಸ್ವಲ್ಪ ಬಾಗಿತ್ತು. ಅಂದ್ರೆ ಕೊಕ್ಕೆ ಗಟ್ಟಿಯಾಗಿಯೇ ಹಿಡಿದಿದೆ, ತೋಟಾ ಚೇಂಬರ್ ಬಿಡಲು ಒಪ್ಪುತ್ತಿಲ್ಲ. ಕಡಿಮೆ ಬೆಲೆಯ ತೋಟಾಗಳ ಬುಡ ನೋಡಲು ಹಿತ್ತಾಳೆ, ಆದರೆ ಹೆಚ್ಚಿನವು ಉಕ್ಕಿನವು. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಹಿತ್ತಾಳೆ ಹಿಗ್ಗಿ ಕುಗ್ಗುತ್ತದೆ, ಉಕ್ಕು ಅಷ್ಟು ಚೆನ್ನಾಗಿ ವಾಪಸ್ ಕುಗ್ಗುವುದಿಲ್ಲ. ಚೇಂಬರ್‌ನಲ್ಲಿ ಪ್ಲಾಸ್ಟಿಕ್, ಮಸಿ ಕಟ್ಟಿದ್ದರೆ ಇನ್ನೂ ಅಂಟಿಕೊಳ್ಳುತ್ತದೆ.

ಬಿಚ್ಚುವ ಮೊದಲಿನ ಮಾತು: ತೋಟಾ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಚೇಂಬರ್, ಮ್ಯಾಗಜೀನ್ ಎರಡೂ ಖಾಲಿ ಇವೆ ಅಂತ ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ. ಮನೆಯಲ್ಲಿ ಓಡಿಸಿ ನೋಡಲು ಡಮ್ಮಿ ತೋಟಾ ಮಾತ್ರ.

ಚೇಂಬರ್‌ಗೆ ಕಂಚಿನ ಬ್ರಷ್, ಸಾಲ್ವೆಂಟ್ ಹಾಕಿ ಉಜ್ಜಿದೆ. ಕರಿ ರಾಡಿ ಬಂತು. ಆಮೇಲೆ ಹಳೆ ಬ್ರಷ್‌ಗೆ 0000 ನಂಬರಿನ ಸ್ಟೀಲ್ ವುಲ್ (ಬಹಳ ನಯವಾದ ಉಕ್ಕಿನ ನಾರು) ಸುತ್ತಿ, ಎರಡು ಹನಿ ಎಣ್ಣೆ ಬಿಟ್ಟು, ಡ್ರಿಲ್‌ನಲ್ಲಿ ನಿಧಾನಕ್ಕೆ ತಿರುಗಿಸಿದೆ. ಚೇಂಬರ್‌ಗೆ ಮಾತ್ರ. ಒಳಗೆ ಕ್ರೋಮ್ ಇದ್ದರೆ ಇದು ಬೇಡ, ಬ್ರಷ್ ಸಾಕು. ಗ್ಯಾಸ್ ತೂತುಗಳನ್ನು ಪೈಪ್ ಕ್ಲೀನರ್‌ನಿಂದ ಬಿಡಿಸಿದೆ. ತೂತು ದೊಡ್ಡದು ಮಾಡಿದರೆ ಸರಿಹೋಗುತ್ತೆ ಅಂತ ಹೇಳುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಆಮೇಲೆ ಜೋರಿನ ತೋಟಾ ಹಾಕಿದರೆ ಬೋಲ್ಟ್ ಹಿಂದೆ ಹೋಗಿ ಬಡಿಯುವ ಪೆಟ್ಟಿಗೆ ಕೋವಿಯೇ ಹಾಳು.

ಖಾಲಿ ತೋಟಾ ಸಿಕ್ಕಿಕೊಳ್ಳುವುದು ಬಹಳ ಕಡಿಮೆಯಾಯಿತು. ಆದರೆ ಆಗೊಮ್ಮೆ ಈಗೊಮ್ಮೆ ಹೊಸ ತೋಟಾ ಚೇಂಬರ್‌ಗೆ ಪೂರ್ತಿ ಹೋಗದೆ ಬೋಲ್ಟ್ ಕೂದಲೆಳೆಯಷ್ಟು ತೆರೆದೇ ನಿಲ್ಲುತ್ತಿತ್ತು. ಇದೇ ನನಗೆ ಒಳ್ಳೆಯ ಸುಳಿವು. ಹಿಂದೆ ಹೋಗುವಾಗಲೂ ಸೋಮಾರಿ, ಮುಂದೆ ಬರುವಾಗಲೂ ಸೋಮಾರಿ ಅಂದ್ರೆ ಎರಡು ದಾರಿಗೂ ಸೇರಿದ ಭಾಗವೇ ಕೆಟ್ಟಿರಬೇಕು. ಗ್ಯಾಸ್ ಕಮ್ಮಿಯಾದರೆ ಹಿಂದೆ ಹೋಗುವುದು ಮಾತ್ರ ಕಷ್ಟ. ಸ್ಪ್ರಿಂಗ್ ಸೋತರೆ ಮುಂದೆ ಬರುವುದು ಮಾತ್ರ ಕಷ್ಟ.

ಇಂಥ ಹಲವು ಕೋವಿಗಳಲ್ಲಿ ಬೋಲ್ಟ್ ತಳ್ಳುವ ಸ್ಪ್ರಿಂಗ್ ಹಿಂದಿನ ಮರದ ಹಿಡಿಯೊಳಗೆ ಒಂದು ಕೊಳವೆಯಲ್ಲಿರುತ್ತದೆ. ಯಾರೂ ಅದನ್ನು ಬಿಚ್ಚುವುದಿಲ್ಲ. ರಬ್ಬರ್ ಪ್ಯಾಡ್ ತೆಗೆದು, ಉದ್ದನೆಯ ಸಾಕೆಟ್ ಹಾಕಿ ಹಿಡಿಯನ್ನು ಬಿಗಿದಿರುವ ತಿರುಪು ಕಳಚಿ, ಹಿಡಿ ಹೊರಗೆಳೆದೆ. ಕೊಳವೆಯಿಂದ ಸ್ಪ್ರಿಂಗ್ ತೆಗೆಯುವಾಗ ಕನ್ನಡಕ ಹಾಕಿಕೊಳ್ಳಿ, ಅದು ಅದುಮಿಕೊಂಡಿರುತ್ತದೆ, ಮುಖಕ್ಕೇ ಹಾರುತ್ತದೆ. ಒಳಗೆ ಹಳೆ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಗೋಂದಾಗಿತ್ತು, ಸುರುಳಿಗಳ ಸಂದಿಯಲ್ಲಿ ತುಕ್ಕು. ಎಷ್ಟು ವರ್ಷದ ಎಣ್ಣೆಯೋ. ಮೇಲಿಂದ ಬಿಟ್ಟ ಎಣ್ಣೆಯೆಲ್ಲ, ಕೋವಿ ನೆಟ್ಟಗೆ ನಿಲ್ಲಿಸಿಟ್ಟಾಗ ಇಲ್ಲೇ ಇಳಿದು ಕೂರುತ್ತದೆ. ಕೊಳವೆ ತೊಳೆದು ಒಣಗಿಸಿ ಹೊಸ ಸ್ಪ್ರಿಂಗ್ ಹಾಕಿದೆ. ಹಳೆಯದನ್ನು ಪಕ್ಕದಲ್ಲಿಟ್ಟರೆ ಕಣ್ಣಿಗೆ ಕಾಣುವಷ್ಟು ಗಿಡ್ಡ.

ಇದಾದ ಮೇಲೂ ಒಂದು ಉಳಿದಿತ್ತು. ಮ್ಯಾಗಜೀನ್‌ನಿಂದ ತೋಟಾ ತಡವಾಗಿ ಬರುತ್ತಿತ್ತು. ಮುಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಮರದ ಕಡ್ಡಿ! ಇಲ್ಲಿ ಬಾತುಕೋಳಿಯಂಥ ವಲಸೆ ಹಕ್ಕಿ ಬೇಟೆಗೆ ಒಟ್ಟು ಮೂರೇ ತೋಟಾ ಹಿಡಿಸಬೇಕು ಅಂತ ಕಾನೂನು, ಅದಕ್ಕೆ ಹಾಕುವ ಪ್ಲಗ್ ಅದು. ಹಿಂದಿನ ಮಾಲೀಕ ಬಾತುಕೋಳಿ ಬೇಟೆಯವನೇ ಇರಬೇಕು. ಕಡ್ಡಿ ನೀರು ಕುಡಿದು ಉಬ್ಬಿತ್ತು, ಸ್ಪ್ರಿಂಗ್ ಅದಕ್ಕೆ ಉಜ್ಜುತ್ತಿತ್ತು. ಕಡ್ಡಿ ತೆಗೆದೆ, ಮ್ಯಾಗಜೀನ್ ಕೊಳವೆಯ ತುಕ್ಕು ಉಜ್ಜಿ ಬಟ್ಟೆಯಿಂದ ಒರೆಸಿದೆ. ಎಣ್ಣೆ ಸುರಿಯಲಿಲ್ಲ.

ನಿಮ್ಮ ಕೋವಿ ಬೇರೆ ಜಾತಿಯದಾದರೆ ಹುಡುಕುವ ಜಾಗವೂ ಬೇರೆ. 1963ರಲ್ಲಿ ಬಂದ ರೆಮಿಂಗ್ಟನ್ 1100ರಲ್ಲಿ ಗ್ಯಾಸ್ ಸೋರದಂತೆ ತಡೆಯುವ ಸಣ್ಣ ರಬ್ಬರ್ ಉಂಗುರವಿದೆ, ಅದು ಬಿರುಕು ಬಿಟ್ಟಿದೆಯಾ ನೋಡಿ. ಅದರದ್ದೇ 3 ಇಂಚಿನ ಮ್ಯಾಗ್ನಮ್ ನಳಿಗೆ ಇದ್ದರೆ ಹಗುರ ತೋಟಾಗೆ ಓಡದಿರುವುದು ದೋಷವಲ್ಲ, ಅದನ್ನು ಮಾಡಿರುವುದೇ ಜೋರಿನ ತೋಟಾಗಳಿಗೆ. ಬ್ರೌನಿಂಗ್ ಆಟೋ-5ರಲ್ಲಿ ಗ್ಯಾಸ್ ಇಲ್ಲವೇ ಇಲ್ಲ, ನಳಿಗೆಯೇ ಹಿಂದೆ ಸರಿಯುತ್ತದೆ. ಮ್ಯಾಗಜೀನ್ ಕೊಳವೆಯ ಮೇಲಿನ ಘರ್ಷಣೆ ಉಂಗುರಗಳನ್ನು ತೋಟಾದ ಜೋರಿಗೆ ತಕ್ಕಂತೆ ಜೋಡಿಸಬೇಕು. ಬೆನೆಲ್ಲಿಯಂಥ, ಗ್ಯಾಸ್ ಬದಲು ಕೋವಿಯ ಹಿನ್ನೊದೆತದಿಂದಲೇ ಓಡುವ ಇನರ್ಶಿಯಾ ಕೋವಿಯನ್ನು ಭುಜಕ್ಕೆ ಸಡಿಲವಾಗಿ ಹಿಡಿದರೆ ಬೋಲ್ಟ್ ಅರ್ಧಕ್ಕೇ ನಿಲ್ಲಬಹುದು.

ರೇಂಜ್‌ನಲ್ಲಿ ಸದ್ದು 'ಪುಸ್' ಅಂತ ಬಂದರೆ ಮಾತ್ರ ಇದ್ಯಾವುದನ್ನೂ ಯೋಚಿಸಬೇಡಿ. ಅಲ್ಲೇ ನಿಲ್ಲಿಸಿ. ಖಾಲಿ ಮಾಡಿ ನಳಿಗೆಯಲ್ಲಿ ವ್ಯಾಡ್ (ತೋಟಾದೊಳಗೆ ಮದ್ದು ಮತ್ತು ಚರೆಯ ನಡುವೆ ಇರುವ ತುಂಡು) ಸಿಕ್ಕಿಕೊಂಡಿದೆಯಾ ನೋಡಿ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡಿಯಬಹುದು.

ಕೊಕ್ಕೆ ಮುರಿದಿದ್ದರೆ, ಟ್ರಿಗರ್ ಭಾಗದಲ್ಲಿ ಏನಾದರೂ ಅನುಮಾನ ಬಂದರೆ ನಾನು ಕೈ ಹಾಕಲ್ಲ, ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಒಯ್ಯುತ್ತೇನೆ. ಉಳಿದಂತೆ ಈಗ ಎಣ್ಣೆ ಜಾಸ್ತಿ ಹಾಕುವುದಿಲ್ಲ. ಇಲ್ಲಿಯ ಚಳಿಗೆ ದಪ್ಪ ಗ್ರೀಸ್ ಗಟ್ಟಿಯಾಗಿ ಬೋಲ್ಟ್ ಎಳೆದಾಡುತ್ತದೆ, ಹಾಗಾಗಿ ನವೆಂಬರ್ ಬರುವಷ್ಟರಲ್ಲಿ ಎಲ್ಲ ಒರೆಸಿ ತೆಳ್ಳಗಿನ ಎಣ್ಣೆಯನ್ನು ಬಟ್ಟೆಯಲ್ಲಿ ಸವರಿ ಬಿಡುತ್ತೇನೆ.